ಬಚ್ಚಲುಮನೆ ನಲ್ಲಿ ನಾವೇ ಬದಲಿಸೋದು ಹೇಗೆ? ಮೊದಲ ಸಲ ಕೈ ಹಾಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಕಡೆಯ ಮನೆಗಳನ್ನು ಕಣ್ಣಮುಂದಿಟ್ಟುಕೊಂಡು ಬರೆದ ಉತ್ತರಗಳಿವು. ಪೇಟೆಯಲ್ಲಿ ಒಂದೇ ಒಂದು ನಲ್ಲಿಗಾಗಿ ಪ್ಲಂಬರ್ ಸಿಗುವುದು ಕಷ್ಟ. ಮೂಡಿಗೆರೆ, ಸಕಲೇಶಪುರದ ತೋಟದ ಮನೆಗಳಿಗಂತೂ ಮಳೆಗಾಲದಲ್ಲಿ ಯಾರನ್ನೂ ಕರೆಸುವ ಹಾಗಿಲ್ಲ. ಶುರು ಮಾಡುವ ಮೊದಲು ಒಂದು ಮಾತು ತಲೆಯಲ್ಲಿರಲಿ: ನಲ್ಲಿ ಹಾಳಾದರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ, ಗೋಡೆಯೊಳಗಿನ ಎಲ್ಬೋ, ಅಂದರೆ ನಲ್ಲಿ ತಿರುಗಿ ಕೂರುವ ಮೊಣಕೈಯಂಥ ಪೈಪಿನ ತುಂಡು ಒಡೆದರೆ ಟೈಲ್ಸ್ ಒಡೆಯಬೇಕಾಗುತ್ತದೆ. ಕೆಳಗಿನ ಹೆಚ್ಚಿನ ಎಚ್ಚರಿಕೆಗಳೆಲ್ಲ ಆ ಎಲ್ಬೋ ಉಳಿಸಿಕೊಳ್ಳುವುದಕ್ಕೇ.

ನಲ್ಲಿ ಸೋರುತ್ತಿದೆ. ಪೂರ್ತಿ ಬದಲಿಸಲೇಬೇಕಾ?

ಎಲ್ಲಿಂದ ಸೋರುತ್ತಿದೆ ಎಂದು ಮೊದಲು ನೋಡಿ. ನಿಲ್ಲಿಸಿದ ಮೇಲೂ ಮೂತಿಯಿಂದ ಹನಿ ಬೀಳುತ್ತಿದ್ದರೆ ಒಳಗಿನ ವಾಷರ್ ಸವೆದಿದೆ. ಮೂರ್ನಾಲ್ಕು ಸುತ್ತು ತಿರುಗಿಸುವ ಹಳೇ ಬಗೆಯ ನಲ್ಲಿಯಾದರೆ ರಬ್ಬರ್ ವಾಷರ್ ಹಾಕಿದರೆ ಸಾಕು. ಕಾಲು ಸುತ್ತಿಗೇ ತೆರೆಯುವ ಹೊಸ ಬಗೆಯದಾದರೆ ಒಳಗೆ ಸೆರಾಮಿಕ್ ಬಿಲ್ಲೆಗಳಿರುವ ಕಾರ್ಟ್ರಿಜ್ ಇರುತ್ತದೆ. ಅಂಗಡಿಯವರು ಅದನ್ನು ಸ್ಪಿಂಡಲ್ ಅಥವಾ ಫಿಟ್ಟಿಂಗ್ ಎನ್ನುತ್ತಾರೆ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೇ ಹೋಗಿ, ಏಕೆಂದರೆ ತಲೆಯ ಹಲ್ಲುಗಳ ಎಣಿಕೆ ಕಂಪನಿಯಿಂದ ಕಂಪನಿಗೆ ಬೇರೆ.

ಗೋಡೆಗೆ ಸೇರುವ ಜಾಗದಲ್ಲಿ ಒಸರುತ್ತಿದ್ದರೆ ನಲ್ಲಿಯಲ್ಲಿ ಏನೂ ತಪ್ಪಿಲ್ಲ, ಬಿಚ್ಚಿ, ತಿರುಪಿನ ಮೇಲೆ ಹೊಸ ಟೆಫ್ಲಾನ್ ಟೇಪು (ಸೋರದಂತೆ ಸುತ್ತುವ ತೆಳು ಬಿಳಿ ಪಟ್ಟಿ) ಸುತ್ತಿ ಮತ್ತೆ ಹಾಕಿ. ಮೈಯಲ್ಲೇ ಬಿರುಕು, ಹಸಿರು ಪಾಚಿಯಂಥ ಕಿಲುಬು, ತಿರುಗಿಸಿದರೆ ಸುಮ್ಮನೆ ಸುತ್ತುವ ಹಿಡಿ ಇದ್ದರೆ ಮಾತ್ರ ಪೂರ್ತಿ ಬದಲಿಸಿ.

ಹನಿ ಸಣ್ಣದೆಂದು ಬಿಡಬೇಡಿ. ಒಂದು ಲೋಟ ಇಟ್ಟು ಒಂದು ಗಂಟೆಯಲ್ಲಿ ಎಷ್ಟು ತುಂಬಿತು ನೋಡಿ, 24ರಿಂದ ಗುಣಿಸಿ. ಗಂಟೆಗೆ 200 ಮಿಲಿ ಎಂದರೂ ದಿನಕ್ಕೆ ಐದು ಲೀಟರಿನ ಹತ್ತಿರ ಹೋಗುತ್ತದೆ.

ಮೊದಲ ಸಲ ಮಾಡುವವರು ಯಾವುದಕ್ಕೆ ಕೈ ಹಾಕಬಹುದು, ಯಾವುದು ಬೇಡ?

ಬಕೆಟ್ ಕೆಳಗೆ ಇಡುವ ಗೋಡೆ ನಲ್ಲಿ, ವಾಷ್‌ಬೇಸಿನ್ ನಲ್ಲಿ, ಕಮೋಡ್ ಪಕ್ಕದ ಹೆಲ್ತ್ ಫಾಸೆಟ್, ಬೇಸಿನ್ ಕೆಳಗೆ ನೀರು ನಿಲ್ಲಿಸಲು ಇರುವ ಆಂಗಲ್ ಕಾಕ್: ಇವು ಧಾರಾಳವಾಗಿ ಮಾಡಬಹುದಾದ ಕೆಲಸ. ಗೋಡೆಯ ಮೇಲೆ ಕೂರುವ ಬಿಸಿ-ತಣ್ಣೀರಿನ ಮಿಕ್ಸರನ್ನು ಎರಡನೇ ಸಲಕ್ಕೆ ಇಟ್ಟುಕೊಳ್ಳಿ. ಗೋಡೆಯೊಳಗೇ ಹುದುಗಿರುವ ಡೈವರ್ಟರ್ (ನೀರನ್ನು ಶವರಿಗೋ ನಲ್ಲಿಗೋ ತಿರುಗಿಸುವ ವಾಲ್ವ್) ಮತ್ತು ತುಕ್ಕು ಹಿಡಿದ ಜಿ.ಐ., ಅಂದರೆ ಸತು ಲೇಪಿಸಿದ ಕಬ್ಬಿಣದ ಪೈಪಿನಲ್ಲಿ ಹತ್ತಾರು ವರ್ಷದಿಂದ ಕೂತಿರುವ ನಲ್ಲಿ ಪ್ಲಂಬರಿಗೇ ಇರಲಿ.

ಪೈಪು ಯಾವುದೆಂದು ತಿಳಿಯುವುದು ಸುಲಭ. ಟ್ಯಾಂಕಿನ ಹತ್ತಿರ ಹೋಗಿ ನೋಡಿ. ತಿಳಿ ಹಳದಿ ಬಣ್ಣದ್ದು ಸಿ.ಪಿ.ವಿ.ಸಿ., ಬಿಳಿಯದು ಯು.ಪಿ.ವಿ.ಸಿ., ಬೂದು ಬಣ್ಣದ, ತಟ್ಟಿದರೆ ಠಣ್ ಎನ್ನುವ ಕಬ್ಬಿಣದ್ದು ಜಿ.ಐ.

ಅಂಗಡಿಯಲ್ಲಿ ಏನಂತ ಕೇಳಬೇಕು?

ಗೋಡೆ ನಲ್ಲಿಗೆ ಬಿಬ್ ಕಾಕ್ ಎನ್ನಿ. ಮೂತಿ ಗಿಡ್ಡವಿದ್ದರೆ ಶಾರ್ಟ್ ಬಾಡಿ, ಉದ್ದವಿದ್ದರೆ ಲಾಂಗ್ ಬಾಡಿ. ಬಕೆಟ್ಟಿನ ಬಾಯಿ ಗೋಡೆಯಿಂದ ಎಷ್ಟು ದೂರ ಎಂದು ಅಳೆದುಕೊಂಡು ಹೋಗಿ. ಗಿಡ್ಡ ಮೂತಿಯ ನಲ್ಲಿ ತಂದು, ನೀರು ಬಕೆಟ್ಟಿನ ಅಂಚಿಗೆ ಬಡಿದು ಬಚ್ಚಲೆಲ್ಲ ಚಿಮ್ಮುವುದು ಸಾಮಾನ್ಯವಾಗಿ ಆಗುವ ತಪ್ಪು. ಬೇಸಿನ್ ಮೇಲೆ ನಿಂತಿರುವುದು ಪಿಲ್ಲರ್ ಕಾಕ್. ಒಂದೇ ಮೈಗೆ ಎರಡು ಮೂತಿ ಇದ್ದರೆ ಟೂ-ಇನ್-ವನ್.

ಅಳತೆ ಬಹುಮಟ್ಟಿಗೆ ಎಲ್ಲ ಮನೆಗಳಲ್ಲೂ ಅರ್ಧ ಇಂಚು, ಅಂದರೆ 15 ಎಂ.ಎಂ. ಅಳತೆ ಟೇಪು ಹಿಡಿದು ನಲ್ಲಿಯ ಥ್ರೆಡ್, ಅಂದರೆ ತಿರುಪಿನ ಭಾಗ ಅಳೆದರೆ ಹೊರಗಿನ ಅಡ್ಡಳತೆ 21 ಎಂ.ಎಂ. ಬರುತ್ತದೆ. ಗಾಬರಿ ಬೇಡ, ಅರ್ಧ ಇಂಚಿನ ಥ್ರೆಡ್ ಅಳತೆಗೆ ಇರುವುದೇ ಅಷ್ಟು. 26 ಎಂ.ಎಂ. ಬಂದರೆ ಅದು ಮುಕ್ಕಾಲು ಇಂಚಿನದು.

ಹಿತ್ತಾಳೆಯದೇ ಬೇಕಾ, ಪ್ಲಾಸ್ಟಿಕ್ ಸಾಕಾ?

ತಣ್ಣೀರಿಗೆ ಒಳ್ಳೆಯ ಪಿ.ಟಿ.ಎಂ.ಟಿ. (ಒಂದು ಬಗೆಯ ಗಟ್ಟಿ ಪ್ಲಾಸ್ಟಿಕ್) ನಲ್ಲಿ ಸಾಕು. ಅದು ತುಕ್ಕು ಹಿಡಿಯುವುದಿಲ್ಲ, ಗಡಸು ನೀರಿಗೂ ತಡೆಯುತ್ತದೆ. ಆದರೆ ಅದರ ಥ್ರೆಡ್ ಮೆದು, ಸ್ಪ್ಯಾನರ್ ಹಾಕಿ ಜಗ್ಗಿದರೆ ಮುರಿದು ತುಂಡು ಎಲ್ಬೋ ಒಳಗೇ ಉಳಿಯುತ್ತದೆ. ಗೀಸರ್, ಸೋಲಾರ್ ಲೈನಿಗೆ ಹಿತ್ತಾಳೆಯದನ್ನೇ ಹಾಕಿ.

ಹೊಳೆಯುವುದೆಲ್ಲ ಹಿತ್ತಾಳೆಯಲ್ಲ. ಸತುವಿನ ಮಿಶ್ರಲೋಹಕ್ಕೆ ಕ್ರೋಮ್ ಹಚ್ಚಿ ಮಾರುವುದುಂಟು. ಅಯಸ್ಕಾಂತ ಇಟ್ಟು ನೋಡಿ ಪ್ರಯೋಜನವಿಲ್ಲ, ಸತುವೂ ಅಂಟುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ. ನಲ್ಲಿಯ ಹಿಂಬಾಯಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಹಿತ್ತಾಳೆಯಾದರೆ ಒಳಮೈ ಹಳದಿ. ಬೂದು ಬಣ್ಣವಿದ್ದು ಕೈಗೆ ಹಗುರ ಅನ್ನಿಸಿದರೆ ಅಲ್ಲೇ ಬಿಟ್ಟು ಬನ್ನಿ.

ಏನೇನು ಸಾಮಾನು ಇಟ್ಟುಕೊಳ್ಳಬೇಕು?

10 ಇಂಚಿನ ಅಡ್ಜಸ್ಟೆಬಲ್ ಸ್ಪ್ಯಾನರ್ ಒಂದು, ಸ್ಕ್ರೂಡ್ರೈವರ್, ಹಳೇ ಟೂತ್‌ಬ್ರಷ್, ಹಳೇ ಬನಿಯನ್ ಬಟ್ಟೆ, ಬಕೆಟ್ಟು, ಟಾರ್ಚು. 12 ಎಂ.ಎಂ. ಅಗಲದ ಟೆಫ್ಲಾನ್ ಟೇಪು ಎರಡು ಸುರುಳಿ ತನ್ನಿ. ಒಂದು ಸಾಕು, ಆದರೆ ಮೊದಲ ಪ್ರಯತ್ನದಲ್ಲಿ ಬಿಚ್ಚಿ ಮತ್ತೆ ಸುತ್ತುವುದು ಇದ್ದೇ ಇರುತ್ತದೆ. ನಲ್ಲಿಯ ಜೊತೆ ಗೋಡೆಗೆ ಒರಗುವ ಬಿಲ್ಲೆ, ಅಂದರೆ ಫ್ಲ್ಯಾಂಜ್ ಇದೆಯೇ ಎಂದು ಡಬ್ಬಿ ಬಿಚ್ಚಿ ನೋಡಿ.

ಇದೆಲ್ಲಕ್ಕಿಂತ ಮುಖ್ಯವಾದದ್ದು ಅರ್ಧ ಇಂಚಿನ ಡಮ್ಮಿ, ಅಂದರೆ ಎಂಡ್ ಪ್ಲಗ್. ಏನೋ ಹೆಚ್ಚುಕಮ್ಮಿಯಾಗಿ ನಲ್ಲಿ ಕೂರಲಿಲ್ಲ ಎನ್ನಿ. ಗೋಡೆಯ ತೂತಿಗೆ ಡಮ್ಮಿ ಹಾಕಿ ಮುಚ್ಚಿಬಿಟ್ಟರೆ ಮನೆಯ ಉಳಿದ ನಲ್ಲಿಗಳಲ್ಲಿ ನೀರು ಬರುತ್ತದೆ, ಮಾರನೇ ದಿನ ನಿಧಾನವಾಗಿ ನೋಡಿಕೊಳ್ಳಬಹುದು. ಅಂಗಡಿಗೆ ಇಪ್ಪತ್ತು ಕಿಲೋಮೀಟರ್ ಹೋಗಬೇಕಾದ ತೋಟದ ಮನೆಯಲ್ಲಿ ಎರಡು ಡಮ್ಮಿ ಯಾವಾಗಲೂ ಇರಬೇಕು.

ನೀರು ಎಲ್ಲಿ ನಿಲ್ಲಿಸಬೇಕು? ಗೇಟ್ ವಾಲ್ವ್ ತಿರುಗುತ್ತಲೇ ಇಲ್ಲ.

ಟ್ಯಾಂಕಿನಿಂದ ಇಳಿಯುವ ಪೈಪಿಗೆ ಗೇಟ್ ವಾಲ್ವ್ ಅಥವಾ ಬಾಲ್ ವಾಲ್ವ್ ಇರುತ್ತದೆ. ಅದನ್ನು ಮುಚ್ಚಿ, ಬದಲಿಸಬೇಕಾದ ನಲ್ಲಿಯನ್ನೇ ತೆರೆದು, ಪೈಪಿನಲ್ಲಿರುವ ನೀರು ಇಳಿದು ನಿಲ್ಲುವ ತನಕ ಕಾಯಿರಿ. ಕೆಳಮಹಡಿಯ ಬಚ್ಚಲಾದರೆ ಐದು ನಿಮಿಷ ಹಿಡಿಯಬಹುದು. ಸಣ್ಣ ಎಳೆಯಾಗಿ ಹರಿಯುತ್ತಲೇ ಇದ್ದರೆ ವಾಲ್ವ್ ಪೂರ್ತಿ ಮುಚ್ಚಿಲ್ಲ ಎಂದರ್ಥ.

ವರ್ಷಗಟ್ಟಲೆ ಮುಟ್ಟದ ಗೇಟ್ ವಾಲ್ವಿನ ಚಕ್ರ ಬಿಗಿದು ಕೂತಿರುತ್ತದೆ. ಒಂದೇ ಸಲ ಬಲ ಹಾಕಿದರೆ ಒಳಗಿನ ಕಡ್ಡಿ ಮುರಿದು, ಚಕ್ರ ತಿರುಗುತ್ತದೆ, ನೀರು ನಿಲ್ಲುವುದಿಲ್ಲ. ಕಾಲು ಸುತ್ತು ಮುಚ್ಚುವ ಕಡೆ, ಕಾಲು ಸುತ್ತು ತೆರೆಯುವ ಕಡೆ ಹೀಗೆ ಹಿಂದೆ ಮುಂದೆ ಆಡಿಸಿ ಸಡಿಲಿಸಿಕೊಳ್ಳಿ. ಆಗಲೇ ಇಲ್ಲವೆಂದರೆ ಮೋಟಾರ್ ಹಾಕದೆ ಟ್ಯಾಂಕು ಖಾಲಿ ಮಾಡಿ, ಅಥವಾ ಟ್ಯಾಂಕಿನ ಒಳಗಿನಿಂದ ಹೊರಹೋಗುವ ತೂತಿಗೆ ಬಟ್ಟೆ ಸುತ್ತಿದ ಮರದ ಬೆಣೆ ಬಿಗಿಯಾಗಿ ಕೂರಿಸಿ. ಬೆಣೆಗೆ ದಾರ ಕಟ್ಟಿ ಹೊರಗೆ ಬಿಟ್ಟಿರಿ, ತೆಗೆಯಲು ಮರೆಯುವುದಿಲ್ಲ.

ಮಲೆನಾಡಿನಲ್ಲಿ ಗುಡ್ಡದ ಒರತೆಯಿಂದ ನೇರ ಪೈಪಿನಲ್ಲಿ ನೀರು ತಂದಿರುವ ಮನೆಗಳು ಬೇಕಾದಷ್ಟಿವೆ. ಅಲ್ಲಿ ಲೆಕ್ಕವೇ ಬೇರೆ. ಮನೆ ಮೇಲಿನ ಟ್ಯಾಂಕು ನಲ್ಲಿಗಿಂತ ಹತ್ತಡಿ ಎತ್ತರದಲ್ಲಿದ್ದರೆ ಒತ್ತಡ ಸುಮಾರು 0.3 ಬಾರ್. ಒರತೆ ನೂರಡಿ ಮೇಲಿದ್ದರೆ 3 ಬಾರ್, ಹತ್ತು ಪಟ್ಟು. ನಲ್ಲಿ ಕಳಚಿದ ತಕ್ಷಣ ನೀರು ಎದುರು ಗೋಡೆಗೆ ಬಡಿಯುತ್ತದೆ. ಮೇಲಿನ ವಾಲ್ವ್ ಮುಚ್ಚಿದ್ದು ಖಚಿತವಾಗದೆ ಸ್ಪ್ಯಾನರ್ ಮುಟ್ಟಬೇಡಿ.

ಬಿಸಿನೀರಿನ ಲೈನಾದರೆ ಗೀಸರಿನ ಸ್ವಿಚ್ಚು ಆರಿಸಿ ನೀರು ತಣಿಯಲು ಬಿಡಿ. ನೀರಿಲ್ಲದೆ ಗೀಸರ್ ಉರಿದರೆ ಕಾಯಿಲ್ ಸುಟ್ಟುಹೋಗುತ್ತದೆ. ಸೋಲಾರಿಗೆ ಬೇರೆಯದೇ ವಾಲ್ವ್ ಇರುತ್ತದೆ, ತಣ್ಣೀರಿನದನ್ನು ಮಾತ್ರ ಮುಚ್ಚಿ ಬಂದು ಕೈ ಸುಟ್ಟುಕೊಳ್ಳಬೇಡಿ.

ಹಳೇ ನಲ್ಲಿ ಬಿಚ್ಚುವುದು ಹೇಗೆ? ಎಷ್ಟು ಬಲ ಹಾಕಬಹುದು?

ಗೋಡೆಗೆ ಅಂಟಿಕೊಂಡಿರುವ ಫ್ಲ್ಯಾಂಜನ್ನು ಮೊದಲು ಸಡಿಲಿಸಿ. ಬಿಳಿ ಸಿಮೆಂಟ್ ಹಚ್ಚಿದ್ದರೆ ಬ್ಲೇಡಿನಿಂದ ಸುತ್ತ ಗೀರಿ. ನಲ್ಲಿಯ ಕತ್ತಿನ ಹತ್ತಿರ ಚಪ್ಪಟೆ ಮುಖಗಳಿದ್ದರೆ ಸ್ಪ್ಯಾನರ್ ಅಲ್ಲಿಗೆ ಹಾಕಿ, ಇಲ್ಲದಿದ್ದರೆ ಮೈಗೆ ಬಟ್ಟೆ ಸುತ್ತಿ ಹಿಡಿಯಿರಿ. ನಲ್ಲಿಗೆ ಎದುರಾಗಿ ನಿಂತು ಎಡಕ್ಕೆ, ಗಡಿಯಾರದ ಮುಳ್ಳಿನ ವಿರುದ್ಧ ದಿಕ್ಕಿಗೆ ತಿರುಗಿಸಿ. ಮೂತಿಯನ್ನೇ ಹಿಡಿದು ಸನ್ನೆಗೋಲಿನಂತೆ ಜಗ್ಗಬೇಡಿ.

ಮೊದಲ ಕಾಲು ಸುತ್ತಿನಲ್ಲೇ ಎಲ್ಲ ಗೊತ್ತಾಗುತ್ತದೆ. ಒಂದು ಕೈಯ ಬೆರಳುಗಳನ್ನು ಪೈಪಿನ ಬಾಯಿ ಪಕ್ಕದ ಟೈಲ್ಸ್ ಮೇಲಿಟ್ಟುಕೊಳ್ಳಿ. ಟಕ್ ಎಂದು ಒಂದೇ ಸದ್ದಾಗಿ ನಲ್ಲಿ ಹಗುರವಾಗಿ ತಿರುಗತೊಡಗಿದರೆ ಥ್ರೆಡ್ ಬಿಟ್ಟಿತು. ಕಿರ್ ಎನ್ನುತ್ತಾ ರಬ್ಬರಿನಂತೆ ತಿರುಗಿ ಕೈಬಿಟ್ಟಾಗ ವಾಪಸ್ ಬಂದರೆ, ಅಥವಾ ಟೈಲ್ಸ್ ಅಂಚಿನಿಂದ ಸಿಮೆಂಟ್ ಪುಡಿ ಉದುರಿದರೆ ಒಳಗಿನ ಎಲ್ಬೋ ತಿರುಚಿಕೊಳ್ಳುತ್ತಿದೆ. ಅಲ್ಲಿಗೇ ನಿಲ್ಲಿಸಿ. ಅದು ಹಟಕ್ಕೆ ಬೀಳುವ ಜಾಗವಲ್ಲ.

ಜಿ.ಐ. ಪೈಪಿನಲ್ಲಿ ಬಿಗಿದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ಇಪ್ಪತ್ತು ನಿಮಿಷ ಬಿಟ್ಟು, ಎಡಕ್ಕೊಂದಿಷ್ಟು ಬಲಕ್ಕೊಂದಿಷ್ಟು ಆಡಿಸಿ. ಪ್ಲಾಸ್ಟಿಕ್ ಪೈಪಿಗೆ ಆ ಎಣ್ಣೆ ಬೇಡ, ಕೆಲವು ಎಣ್ಣೆಗಳಿಗೆ ಸಿ.ಪಿ.ವಿ.ಸಿ. ಬಿರುಕು ಬಿಡುತ್ತದೆ. ಬೆಂಕಿ ತೋರಿಸುವುದಂತೂ ಬೇಡವೇ ಬೇಡ.

ನಲ್ಲಿಯ ಬಾಲ ಮುರಿದು ಒಳಗೇ ಉಳಿಯಿತು. ಈಗೇನು?

ಹ್ಯಾಕ್ಸಾ (ಲೋಹ ಕೊಯ್ಯುವ ಗರಗಸ) ಬ್ಲೇಡನ್ನು ಚೌಕಟ್ಟಿಲ್ಲದೆ, ಒಂದು ತುದಿಗೆ ಬಟ್ಟೆ ಸುತ್ತಿ ಹಿಡಿದು, ಉಳಿದ ತುಂಡಿನ ಒಳಮೈಯಲ್ಲಿ ಎದುರುಬದುರು ಎರಡು ಗೀಟು ಕೊಯ್ಯಿರಿ. ಎಲ್ಬೋ ಥ್ರೆಡ್ ಮುಟ್ಟುವ ಮುಂಚೆ ನಿಲ್ಲಿಸಬೇಕು. ಆ ಗೀಟುಗಳಿಗೆ ಅಗಲ ಸ್ಕ್ರೂಡ್ರೈವರ್ ಕೂರಿಸಿ ಎಡಕ್ಕೆ ತಿರುಗಿಸಿದರೆ ಬಹಳ ಸಲ ಬಂದುಬಿಡುತ್ತದೆ. ಬಾರದಿದ್ದರೆ ಪ್ಲಂಬರ್ ಹತ್ತಿರ ಎಕ್ಸ್‌ಟ್ರಾಕ್ಟರ್ ಇರುತ್ತದೆ.

ಹೊಸದು ಹಾಕುವ ಮುಂಚೆ ಏನಾದರೂ ಮಾಡಬೇಕಾ?

ಎರಡು ಕೆಲಸ, ಎರಡನ್ನೂ ಬಿಡಬೇಡಿ.

ಟೂತ್‌ಬ್ರಷ್‌ನಿಂದ ಎಲ್ಬೋ ಥ್ರೆಡ್ಡಿನಲ್ಲಿರುವ ಹಳೇ ಟೇಪಿನ ಚೂರು, ಸಣಬಿನ ನಾರು ಎಲ್ಲ ತೆಗೆಯಿರಿ. ಆಮೇಲೆ ಒಬ್ಬರು ಗೋಡೆಗೆ ಬಕೆಟ್ ಒತ್ತಿ ಹಿಡಿದುಕೊಂಡಿರಲಿ, ಇನ್ನೊಬ್ಬರು ವಾಲ್ವನ್ನು ಐದಾರು ಸೆಕೆಂಡ್ ತೆರೆದು ಮುಚ್ಚಲಿ. ಪೈಪಿನಲ್ಲಿ ಕೂತಿದ್ದ ಮರಳು, ತುಕ್ಕು ಹೊರಗೆ ಬರುತ್ತದೆ. ಇದನ್ನು ಮಾಡದಿದ್ದರೆ ಆ ಮರಳಿನ ಕಣ ಹೊಸ ನಲ್ಲಿಯ ಸೆರಾಮಿಕ್ ಬಿಲ್ಲೆಗಳ ನಡುವೆ ಸಿಕ್ಕಿ ಗೀರು ಬೀಳಿಸುತ್ತದೆ. ವಾರದೊಳಗೆ ಹೊಸ ನಲ್ಲಿ ತೊಟ್ಟಿಕ್ಕಿದರೆ ಕಾರಣ ಹೆಚ್ಚಾಗಿ ಇದೇ.

ಎರಡನೆಯದು, ಟೇಪಿಲ್ಲದೆ ಒಮ್ಮೆ ಕೈಯಲ್ಲೇ ಹಾಕಿ ನೋಡುವುದು. ನಾಲ್ಕೈದು ಸುತ್ತು ಸಲೀಸಾಗಿ ಹೋಗಬೇಕು. ಅರ್ಧ ಇಂಚಿನ ಥ್ರೆಡ್ ಒಂದು ಸುತ್ತಿಗೆ 1.8 ಎಂ.ಎಂ. ಒಳಗೆ ಹೋಗುತ್ತದೆ. ಎರಡು ಸುತ್ತಿಗೇ ನಿಂತರೆ, ಅಥವಾ ಫ್ಲ್ಯಾಂಜ್ ಮೊದಲೇ ಟೈಲ್ಸಿಗೆ ಒತ್ತಿಕೊಂಡರೆ ಎಲ್ಬೋ ಗೋಡೆಯೊಳಗೆ ಆಳದಲ್ಲಿದೆ. ಅದಕ್ಕೆ ಎಕ್ಸ್‌ಟೆನ್ಷನ್ ನಿಪ್ಪಲ್ ಸಿಗುತ್ತದೆ: ಅರ್ಧ, ಒಂದು, ಒಂದೂವರೆ ಇಂಚು ಹೀಗೆ. ಟೈಲ್ಸ್ ಮುಖದಿಂದ ಎಲ್ಬೋ ಅಂಚಿನವರೆಗೆ ಕಡ್ಡಿ ಇಟ್ಟು ಆಳ ಅಳೆದು ಅಷ್ಟರದ್ದೇ ತನ್ನಿ. ಎರಡು ನಿಪ್ಪಲ್ ಜೋಡಿಸಿ ಉದ್ದ ಮಾಡಬೇಡಿ, ಸೋರುವ ಜಾಗ ಒಂದು ಹೆಚ್ಚಾಗುತ್ತದೆ.

ಟೆಫ್ಲಾನ್ ಟೇಪು ಎಷ್ಟು ಸುತ್ತು? ಯಾವ ದಿಕ್ಕಿಗೆ?

ನಮ್ಮಲ್ಲಿ ಸಿಗುವ ತೆಳು ಟೇಪು 12ರಿಂದ 15 ಸುತ್ತು. ನಾಲ್ಕೈದು ಸುತ್ತು ಸಾಲುವುದಿಲ್ಲ.

ಮೊದಲು ಫ್ಲ್ಯಾಂಜ್ ತೊಡಿಸಿ, ಆಮೇಲೆ ಟೇಪು. ಇದು ಹಿಂದುಮುಂದಾದರೆ ಸುತ್ತಿದ ಟೇಪೆಲ್ಲ ಫ್ಲ್ಯಾಂಜಿನ ಅಂಚಿಗೆ ಸಿಕ್ಕಿ ಹರಿಯುತ್ತದೆ. ನಲ್ಲಿಯ ಥ್ರೆಡ್ ತುದಿಯನ್ನು ನಿಮ್ಮ ಮುಖದ ಕಡೆ ಹಿಡಿಯಿರಿ. ತುದಿಯ ಒಂದು ಥ್ರೆಡ್ ಖಾಲಿ ಬಿಟ್ಟು, ಟೇಪಿನ ಕೊನೆಯನ್ನು ಹೆಬ್ಬೆರಳಿನಿಂದ ಒತ್ತಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಸುತ್ತಿ. ಟೇಪು ಬಿಗಿಯಾಗಿ ಎಳೆದಿರಬೇಕು, ಕೆಳಗಿನ ಥ್ರೆಡ್ಡಿನ ಗೆರೆಗಳು ಟೇಪಿನ ಮೇಲೆ ಮೂಡಿ ಕಾಣಬೇಕು. ಪ್ರತಿ ಸುತ್ತೂ ಹಿಂದಿನದರ ಅರ್ಧದ ಮೇಲೆ ಬರಲಿ. ಕೊನೆಗೆ ಎಳೆದು ಹರಿದು, ಬೆರಳಿನಿಂದ ಸುತ್ತ ತೀಡಿ ಕೂರಿಸಿ. ತಪ್ಪು ದಿಕ್ಕಿಗೆ ಸುತ್ತಿದ್ದರೆ ನಲ್ಲಿ ಒಳಗೆ ಹೋಗುವಾಗ ಟೇಪು ಬಿಚ್ಚಿಕೊಂಡು ಗೋಡೆಯ ಬಾಯಲ್ಲಿ ಬಿಳಿ ಗುಪ್ಪೆಯಾಗಿ ನಿಲ್ಲುತ್ತದೆ. ಅದು ಕಂಡರೆ ಮುಂದುವರಿಸಬೇಡಿ, ಬಿಚ್ಚಿ ಮತ್ತೆ ಸುತ್ತಿ.

ಬಿಗಿ ಮಾಡಿದೆ, ಆದರೆ ಮೂತಿ ವಾರೆಯಾಗಿ ನಿಂತಿದೆ. ಸ್ವಲ್ಪ ಹಿಂದಕ್ಕೆ ತಿರುಗಿಸಲಾ?

ಬೇಡ. ಟೆಫ್ಲಾನ್ ಒಮ್ಮೆ ಒತ್ತಿಕೊಂಡ ಮೇಲೆ ಹಿಂದಕ್ಕೆ ತಿರುಗಿಸಿದರೆ ನೀರಿಗೆ ದಾರಿ ಬಿಡುತ್ತದೆ.

ಕೈಯಲ್ಲಿ ಎರಡು ಮೂರು ಸುತ್ತು, ಆಮೇಲೆ ಸ್ಪ್ಯಾನರಿನಲ್ಲಿ ಒಂದೂವರೆ ಎರಡು ಸುತ್ತು ಹೋಗುವುದು ಹದ. ಮೂತಿ ಕೆಳಗೆ ಬರಲು ಇನ್ನೂ ಕಾಲು ಸುತ್ತು ಬಾಕಿಯಿದ್ದು ಆರಾಮಾಗಿ ತಿರುಗುತ್ತಿದ್ದರೆ ತಿರುಗಿಸಿ. ತುಂಬ ಬಿಗಿ ಅನ್ನಿಸಿದರೆ ಬಿಚ್ಚಿ, ಟೇಪು ತೆಗೆದು, ಎರಡು ಸುತ್ತು ಕಡಿಮೆ ಮಾಡಿ ಸುತ್ತಿ. ಮೂತಿ ನೇರ ಬಂದರೂ ಸಡಿಲ ಅನ್ನಿಸಿದರೆ ಎರಡು ಮೂರು ಸುತ್ತು ಹೆಚ್ಚು. ಅನುಭವಿಗಳೂ ಒಂದು ಸಲ ಬಿಚ್ಚಿ ಹಾಕುವುದುಂಟು. ಸ್ಪ್ಯಾನರ್ ಹಲ್ಲಿಗೂ ಕ್ರೋಮಿಗೂ ನಡುವೆ ಬಟ್ಟೆ ಇರಲಿ.

ವಾಷ್‌ಬೇಸಿನ್ ನಲ್ಲಿಗೂ ಇದೇ ಕ್ರಮವಾ?

ಇಲ್ಲ, ಇದು ಒಂದು ಲೆಕ್ಕದಲ್ಲಿ ಸುಲಭ. ಬೇಸಿನ್ ಕೆಳಗಿನ ಆಂಗಲ್ ಕಾಕ್ ಮುಚ್ಚಿದರೆ ಸಾಕು, ಟ್ಯಾಂಕಿನವರೆಗೆ ಹೋಗಬೇಕಿಲ್ಲ. ಕನೆಕ್ಷನ್ ಪೈಪ್ ಬಿಚ್ಚಿ, ಕೆಳಗಿನಿಂದ ದೊಡ್ಡ ನಟ್ ತೆಗೆದರೆ ನಲ್ಲಿ ಮೇಲಕ್ಕೆ ಬರುತ್ತದೆ. ಕಷ್ಟವಿರುವುದು ಆ ನಟ್ ಬಿಚ್ಚುವುದರಲ್ಲಿ, ಜಾಗ ಇಕ್ಕಟ್ಟು. ಬೇಸಿನ್ ರೆಂಚ್ ಎಂಬ ಉದ್ದ ಕಾಲಿನ ಸ್ಪ್ಯಾನರ್ ಇದ್ದರೆ ಮಲಗಿ ಒದ್ದಾಡುವುದು ತಪ್ಪುತ್ತದೆ.

ಹೊಸ ನಲ್ಲಿಯ ಕೆಳಗೆ ರಬ್ಬರ್ ಬಿಲ್ಲೆ ಕೂರಿಸಿ, ನಟ್ ಕೈಯಲ್ಲಿ ಬಿಗಿ ಮಾಡಿ, ಸ್ಪ್ಯಾನರಿನಲ್ಲಿ ಅರ್ಧ ಸುತ್ತು ಮಾತ್ರ. ಬೇಸಿನ್ ಪಿಂಗಾಣಿ, ಹೆಚ್ಚು ಬಿಗಿದರೆ ತೂತಿನಿಂದ ಬಿರುಕು ಓಡುತ್ತದೆ. ಕನೆಕ್ಷನ್ ಪೈಪ್ 18 ಇಂಚಿನದು, 24 ಇಂಚಿನದು ಸಿಗುತ್ತದೆ. ಮಡಿಕೆ ಬೀಳದೆ ಬಾಗುವಷ್ಟು ಉದ್ದದ್ದು ತನ್ನಿ. ಅದರ ನಟ್ಟಿನೊಳಗೆ ರಬ್ಬರ್ ವಾಷರ್ ಇರುವುದರಿಂದ ಅಲ್ಲಿ ಟೆಫ್ಲಾನ್ ಬೇಡ. ಕೈಬಿಗಿ, ಆಮೇಲೆ ಕಾಲು ಸುತ್ತು. ಹಳೇ ಪೈಪು ಚೆನ್ನಾಗಿ ಕಂಡರೂ ನಲ್ಲಿಯ ಜೊತೆಗೇ ಬದಲಿಸಿಬಿಡಿ.

ಬಿಸಿ-ತಣ್ಣೀರಿನ ಮಿಕ್ಸರ್ ಹೇಗೆ?

ಗೋಡೆಯ ಎರಡು ತೂತುಗಳ ನಡುವೆ ಮಧ್ಯದಿಂದ ಮಧ್ಯಕ್ಕೆ ಸಾಮಾನ್ಯವಾಗಿ 150 ಎಂ.ಎಂ. ಇರುತ್ತದೆ. ಹೆಚ್ಚುಕಮ್ಮಿಯಿದ್ದರೆ ಸರಿದೂಗಿಸಲು ಮಿಕ್ಸರಿನ ಜೊತೆ ಬರುವ ಎರಡು ವಾರೆ ಕಾಲುಗಳಿವೆ. ಕಾಲುಗಳಿಗೆ ಟೇಪು ಸುತ್ತಿ ಗೋಡೆಗೆ ಹಾಕಿ, ಎರಡೂ ಒಂದೇ ಮಟ್ಟಕ್ಕೆ, ಗೋಡೆಯಿಂದ ಒಂದೇ ದೂರಕ್ಕೆ ಬರುವಂತೆ ತಿರುಗಿಸಿ. ಮಿಕ್ಸರನ್ನು ಎದುರಿಗೆ ಹಿಡಿದಾಗ ಎರಡು ನಟ್ಟೂ ಬಲವಂತವಿಲ್ಲದೆ ಕೂರಬೇಕು. ಬಿಸಿನೀರು ಎಡಕ್ಕೆ, ತಣ್ಣೀರು ಬಲಕ್ಕೆ.

ಹಂಡೆ ಒಲೆಗೆ ಜೋಡಿಸಿದ ನಲ್ಲಿ ಬದಲಿಸಬಹುದಾ?

ಬದಲಿಸಬಹುದು, ಆದರೆ ಅವಸರವಿಲ್ಲದ ದಿನ ಮಾಡಿ. ಒಲೆ ಆರಿ ಹಂಡೆ ಪೂರ್ತಿ ತಣಿದಿರಬೇಕು, ಅಂದರೆ ಹಿಂದಿನ ದಿನದಿಂದ ಉರಿ ಹಾಕಿರಬಾರದು. ನೀರನ್ನು ಬರಿದು ಮಾಡಿ ಬಿಚ್ಚಿ. ಇಲ್ಲಿಗೆ ಗಟ್ಟಿ ಹಿತ್ತಾಳೆ ನಲ್ಲಿ, ಲೋಹದ ಹಿಡಿ. ಪ್ಲಾಸ್ಟಿಕ್ ಹಿಡಿ ಕುದಿನೀರಿನ ಕಾವಿಗೆ ಸಡಿಲವಾಗುತ್ತದೆ. ಟೆಫ್ಲಾನ್ ಟೇಪು ಆ ಬಿಸಿಗೆ ಧಾರಾಳವಾಗಿ ತಡೆಯುತ್ತದೆ, ಸಾದಾ ರಬ್ಬರ್ ವಾಷರ್ ಗಟ್ಟಿಯಾಗಿ ಬಿರಿಯುತ್ತದೆ, ಅದಕ್ಕೆ ಫೈಬರ್ ವಾಷರ್ ಕೇಳಿ. ತಾಮ್ರದ ತಗಡು ಮೆದು, ಹಾಗಾಗಿ ಹಂಡೆಗೆ ಬೆಸೆದಿರುವ ತುಂಡನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದುಕೊಂಡೇ ಇನ್ನೊಂದರಲ್ಲಿ ನಲ್ಲಿ ತಿರುಗಿಸಿ. ನೀರು ತುಂಬಿ ಸೋರುವುದಿಲ್ಲವೆಂದು ಖಾತ್ರಿಯಾಗದೆ ಒಲೆ ಹಚ್ಚಬಾರದು. ಮುಚ್ಚಿದ ತಾಮ್ರದ ಬಾಯ್ಲರಾದರೆ ಹಬೆ ಹೋಗುವ ಪೈಪಿನ ಬಾಯನ್ನು ಯಾವ ಕಾರಣಕ್ಕೂ ಮುಚ್ಚಬೇಡಿ, ಅಲ್ಲಿಗೆ ನಲ್ಲಿಯನ್ನೂ ಹಾಕಬೇಡಿ.

ಹಾಕಿಯಾಯಿತು. ಸರಿಯಾಗಿದೆ ಎಂದು ಹೇಗೆ ತಿಳಿಯುವುದು?

ವಾಲ್ವನ್ನು ನಿಧಾನ ತೆರೆಯಿರಿ, ನಲ್ಲಿ ತೆರೆದೇ ಇರಲಿ. ಗಾಳಿ ಸೀನಿದಂತೆ ಹೊರಬಂದು ಆಮೇಲೆ ನೀರು ಸಮವಾಗಿ ಬರುತ್ತದೆ. ನಲ್ಲಿ ಮುಚ್ಚಿ, ಫ್ಲ್ಯಾಂಜನ್ನು ಹಿಂದೆ ಸರಿಸಿ, ಜಾಗವನ್ನು ಚೆನ್ನಾಗಿ ಒರೆಸಿ, ಕತ್ತಿನ ಸುತ್ತ ಒಣ ಪತ್ರಿಕೆ ಕಾಗದದ ಪಟ್ಟಿ ಸುತ್ತಿಡಿ. ಅರ್ಧ ಗಂಟೆಯ ನಂತರ ಒದ್ದೆಯ ಕಲೆ ಇದ್ದರೆ ಬಿಚ್ಚಿ ಮತ್ತೆ ಮಾಡಬೇಕು. ಟೇಪಿನ ಮೇಲೆ ಎಂಸೀಲ್ ಮೆತ್ತಿ ಮುಚ್ಚುವುದು ಪರಿಹಾರವಲ್ಲ. ನೀರು ಹೊರಗೆ ಬರದಿದ್ದರೆ ಗೋಡೆಯೊಳಗೆ ಇಳಿಯುತ್ತದೆ, ಪಕ್ಕದ ಕೋಣೆಯ ಬಣ್ಣ ಉಬ್ಬಿದಾಗಲೇ ಗೊತ್ತಾಗುವುದು. ಆ ಬದಿಯ ಗೋಡೆಯನ್ನು ಒಂದು ವಾರ ದಿನಕ್ಕೊಮ್ಮೆ ಅಂಗೈಯಿಂದ ಮುಟ್ಟಿ ನೋಡಿ.

ಹೊಸ ನಲ್ಲಿಯಲ್ಲೂ ನೀರು ಸಣ್ಣಗೆ ಬರುತ್ತಿದೆ.

ಮೂತಿಯ ತುದಿಯ ಜಾಲರಿ ಬಿಚ್ಚಿ ನೋಡಿ. ಅರಸೀಕೆರೆ, ಕಡೂರು ಕಡೆಯ ಬೋರ್‌ವೆಲ್ ನೀರಿನಲ್ಲಿ ಸುಣ್ಣದಂಶ ಹೆಚ್ಚು, ಜಾಲರಿಗೆ ಬಿಳಿ ಪೊರೆ ಕಟ್ಟುತ್ತದೆ. ವಿನೆಗರ್ ಅಥವಾ ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿ ಬ್ರಷ್‌ನಿಂದ ಉಜ್ಜಿದರೆ ಬಿಡುತ್ತದೆ. ನೆಲ ತೊಳೆಯುವ ಆಸಿಡ್ ತಾಗಿಸಬೇಡಿ, ಕ್ರೋಮ್ ಏಳುತ್ತದೆ. ಮಲೆನಾಡಿನ ಒರತೆ ನೀರಿನಲ್ಲಿ ಸುಣ್ಣ ಕಡಿಮೆ, ಆದರೆ ಮಳೆಗಾಲದಲ್ಲಿ ಎಲೆಚೂರು, ಸಣ್ಣ ಮರಳು ಬರುತ್ತದೆ. ಅಲ್ಲಿ ಪೈಪಿನ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಕಟ್ಟಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ತೊಳೆಯಿರಿ.

ಜಾಲರಿ ಶುಭ್ರವಾಗಿದ್ದೂ ಸಣ್ಣಗೆ ಬಂದರೆ ಟೇಪಿನ ಚೂರು ಒಳಗೆ ಅಡ್ಡ ಕೂತಿರಬಹುದು, ಅಥವಾ ಗೇಟ್ ವಾಲ್ವ್ ಅರ್ಧವೇ ತೆರೆದಿರಬಹುದು. ಟ್ಯಾಂಕು ಬಚ್ಚಲಿನ ಸೂರಿನ ಮೇಲೇ ಇದ್ದರೆ ಒತ್ತಡವೇ ಕಡಿಮೆ. ಅಂಥಲ್ಲಿಗೆ ನೊರೆನೊರೆಯಾಗಿ ನೀರು ಬಿಡುವ ಜಾಲರಿಯ ನಲ್ಲಿಗಿಂತ ತೆರೆದ ಮೂತಿಯ ಸಾದಾ ನಲ್ಲಿಯೇ ಒಳ್ಳೆಯದು.

ಬಾಡಿಗೆ ಮನೆಯಲ್ಲಿ ಮಾಡಬಹುದಾ?

ಮನೆ ಮಾಲೀಕರನ್ನು ಕೇಳಿ ಮಾಡಿ. ಹಳೇ ನಲ್ಲಿಯನ್ನು ಎಸೆಯಬೇಡಿ, ಬಿಟ್ಟುಹೋಗುವಾಗ ಅದನ್ನೇ ಹಾಕಿ ನಿಮ್ಮದನ್ನು ತೆಗೆದುಕೊಂಡು ಹೋಗಬಹುದು.

ಎಷ್ಟು ಹೊತ್ತಿನ ಕೆಲಸ? ಯಾವಾಗ ಶುರು ಮಾಡಬೇಕು?

ಕೈ ಪಳಗಿದವರಿಗೆ ಇಪ್ಪತ್ತು ನಿಮಿಷ, ಮೊದಲ ಸಲಕ್ಕೆ ಎರಡು ಗಂಟೆ ಇಟ್ಟುಕೊಳ್ಳಿ. ಬೆಳಗ್ಗೆ ಎಲ್ಲರ ಸ್ನಾನ ಮುಗಿದ ಮೇಲೆ, ಅಂಗಡಿ ತೆರೆದಿರುವ ದಿನ ಶುರು ಮಾಡಿ. ಅಡುಗೆಗೆ, ಕುಡಿಯಲು ಎರಡು ಕೊಡ ನೀರು ಮೊದಲೇ ಹಿಡಿದಿಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಮೋಟಾರ್ ಇಲ್ಲ. ಟ್ಯಾಂಕು ಖಾಲಿ ಮಾಡಿಕೊಂಡು ಮಾಡಬೇಕಾದ ಮನೆಯಾದರೆ ಕರೆಂಟು ಇರುವುದನ್ನು ನೋಡಿಕೊಂಡೇ ವಾಲ್ವಿಗೆ ಕೈ ಹಾಕಿ.